ಕಾಲಿನ ರಕ್ತಸಂಚಾರ: ಅರವತ್ತರ ನಂತರ ಏನು ನೋಡಬೇಕು, ಏನು ಮಾಡಬೇಕು

ಅರವತ್ತು ದಾಟಿದವರಿರುವ ಮನೆಯಲ್ಲಿ ಕಾಲಿನ ಮಾತು ಬಾರದ ದಿನವಿಲ್ಲ. ಸಂಜೆಯಾದರೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತದೆ, ರಾತ್ರಿ ಸೆಳೆತ, ಕೂತಲ್ಲೇ ಜೋಮು, ಚಳಿಗಾಲದಲ್ಲಿ ಬೆರಳು ತಣ್ಣಗೆ. ಇದೆಲ್ಲಕ್ಕೂ ಮನೆಮಂದಿ ಹೇಳುವುದು ಒಂದೇ ಕಾರಣ: "ರಕ್ತ ಸರಿಯಾಗಿ ಓಡ್ತಿಲ್ಲ." ಮಾಡುವ ಉಪಚಾರವೂ ಹೆಚ್ಚುಕಡಿಮೆ ಒಂದೇ. ಬಿಸಿನೀರಿನ ಶಾಖ, ಎಣ್ಣೆ ಹಾಕಿ ತಿಕ್ಕುವುದು, ದಿಂಬಿನ ಮೇಲೆ ಕಾಲಿಟ್ಟು ಮಲಗಿಸುವುದು.

ನನಗೆ ಕಳವಳವಾಗುವುದು ಇಲ್ಲಿಯೇ. ಕಾಲಿಗೆ ರಕ್ತ ಇಳಿದು ಬರುವ ದಾರಿಯ ತೊಂದರೆ ಬೇರೆ, ಕಾಲಿನಿಂದ ರಕ್ತ ಮೇಲೆ ಹತ್ತುವ ದಾರಿಯ ತೊಂದರೆ ಬೇರೆ. ಒಂದಕ್ಕೆ ಹಿತವಾದ ಉಪಚಾರ ಇನ್ನೊಂದಕ್ಕೆ ಅಪಾಯ ತರಬಹುದು. ಆದ್ದರಿಂದ ಈ ಲೇಖನದ ಮೊದಲ ಅರ್ಧ ತೊಂದರೆಯನ್ನು ಗುರುತಿಸುವುದಕ್ಕೇ ಮೀಸಲು. ಅದನ್ನು ದಾಟಿ ಸೀದಾ ವ್ಯಾಯಾಮದ ಭಾಗಕ್ಕೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಸುಮ್ಮನೆ ಕುಳಿತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಹೃದಯದಿಂದ ಹೊರಟ ರಕ್ತ ಅಪಧಮನಿಗಳ ಮೂಲಕ ಪಾದಕ್ಕೆ ಬರುತ್ತದೆ, ಅಭಿಧಮನಿಗಳ ಮೂಲಕ ಹಿಂದಿರುಗುತ್ತದೆ. ಮನೆಯ ನೀರಿನ ವ್ಯವಸ್ಥೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲಿನ ಟ್ಯಾಂಕಿನಿಂದ ನಲ್ಲಿಗೆ ನೀರು ಬರಲು ಪೈಪು ಕಟ್ಟಿಕೊಳ್ಳದಿದ್ದರೆ ಸಾಕು. ಸಂಪಿನಿಂದ ಟ್ಯಾಂಕಿಗೆ ಹತ್ತಲು ಮೋಟಾರು ಬೇಕೇ ಬೇಕು. ಕಾಲಿನಲ್ಲಿ ಆ ಮೋಟಾರಿನ ಕೆಲಸ ಮಾಡುವುದು ಮೀನಖಂಡ. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಒತ್ತಿದ ರಕ್ತ ಕೆಳಗೆ ಜಾರದಂತೆ ಅಭಿಧಮನಿಯೊಳಗಿನ ಸಣ್ಣ ಕವಾಟಗಳು ತಡೆಯುತ್ತವೆ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದಾಗ ಈ ಕವಾಟಗಳೂ ಅವನಿಗೆ ಮುಖ್ಯ ಸಾಕ್ಷಿಯಾಗಿದ್ದವು.

ವಯಸ್ಸಾದಂತೆ ಅಪಧಮನಿಯ ಗೋಡೆ ಬಿರುಸಾಗುತ್ತದೆ, ಒಳಗೆ ಕೊಬ್ಬು ಮತ್ತು ಸುಣ್ಣದಂಶ ಕೂರುತ್ತದೆ. ಬಿಪಿಯ ಮೇಲಿನ ಅಂಕಿ ಏರಲು ಇದೂ ಒಂದು ಕಾರಣ. ಇತ್ತ ಕವಾಟಗಳು ಸಡಿಲವಾಗುತ್ತವೆ, ಮೀನಖಂಡದ ಸ್ನಾಯು ಸವೆಯುತ್ತದೆ. ವಯಸ್ಸನ್ನು ತಡೆಯಲು ನಮ್ಮಿಂದ ಆಗದು, ಆದರೆ ಸ್ನಾಯುವನ್ನು ಎಪ್ಪತ್ತೈದರಲ್ಲೂ ಬಲಪಡಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಇಳಿಯುವ ದಾರಿಯೋ, ಹತ್ತುವ ದಾರಿಯೋ?

ಅಪಧಮನಿ ಕಿರಿದಾದವರು ತಮ್ಮ ನೋವನ್ನು ಹೆಚ್ಚಾಗಿ ಒಂದೇ ರೀತಿ ಹೇಳುತ್ತಾರೆ: "ಎರಡು ಕಂಬ ನಡೆಯೋಷ್ಟರಲ್ಲಿ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತ್ರೆ ಬಿಡುತ್ತೆ, ಮತ್ತೆ ಎರಡು ಕಂಬಕ್ಕೆ ಹಿಡಿಯುತ್ತೆ." ಸುಮಾರು ಅಷ್ಟೇ ದೂರಕ್ಕೆ ನೋವು ಬರುವುದು, ಸುಮ್ಮನೆ ನಿಂತರೂ ಕೆಲವೇ ನಿಮಿಷದಲ್ಲಿ ಹೋಗುವುದು ಇದರ ಗುರುತು. ಏರು ಹತ್ತಿದರೆ ಇನ್ನೂ ಬೇಗ ಬರುತ್ತದೆ. ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರಬಹುದು, ಬಿಳಿಚಿಕೊಂಡಿರಬಹುದು, ಕಾಲಿನ ರೋಮ ಉದುರಿರಬಹುದು, ಬೆರಳಿನ ತುದಿಯ ಗಾಯ ವಾರಗಟ್ಟಲೆ ಮಾಯದೇ ಇರಬಹುದು. ರಾತ್ರಿ ಮಲಗಿದಾಗ ಪಾದ ನೋಯುತ್ತದೆ, ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ ಎಂದರೆ ತೊಂದರೆ ಬಲಿತಿದೆ ಎಂದೇ ತಿಳಿಯಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ನರಗಳೇ ಮಂದವಾಗಿ ನೋವು ತಿಳಿಯದೇ ಹೋಗಬಹುದು. ಅವರು ನೋವಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ.

ಅಭಿಧಮನಿಯ ತೊಂದರೆ ಇದಕ್ಕೆ ತಿರುಗುಮುರುಗು. ನಡೆದರೆ ಹಗುರ, ನಿಂತರೆ ಭಾರ. ಬೆಳಿಗ್ಗೆ ಸರಿಯಿದ್ದ ಕಾಲು ಸಂಜೆಗೆ ಊದುತ್ತದೆ. ಹಗ್ಗದ ಹಾಗೆ ಹಸಿರು ನೀಲಿ ಗೆರೆಗಳು ಉಬ್ಬಿ ನಿಲ್ಲುತ್ತವೆ. ಗೆಜ್ಜೆ ಕೂರುವ ಜಾಗದ ಒಳಬದಿಯಲ್ಲಿ ಚರ್ಮ ಕಪ್ಪಾಗಿ ಕೆರೆತ ಶುರುವಾಗುತ್ತದೆ, ಅಲಕ್ಷಿಸಿದರೆ ಅಲ್ಲೇ ಹುಣ್ಣಾಗುತ್ತದೆ. ಹೋಟೆಲಿನ ಅಡಿಗೆಯವರು, ಮೇಷ್ಟ್ರು, ಬಸ್ ಕಂಡಕ್ಟರು, ಅಂಗಡಿಯಲ್ಲಿ ನಿಂತೇ ದುಡಿದವರಲ್ಲಿ ಇದು ಹೆಚ್ಚು.

ಎರಡೂ ಅಲ್ಲದ ಕಾರಣಗಳೂ ಉಂಟು. ಬಗ್ಗಿ ಕೂತರೆ ಬಿಡುವ, ಬರೀ ನಿಂತರೆ ಬಿಡದ ಕಾಲುನೋವು ಬೆನ್ನುಮೂಳೆಯದಿರಬಹುದು. ಅಂಗಾಲು ಉರಿ, ಜುಮುಗುಡುವಿಕೆ ಸಕ್ಕರೆಯಿಂದಲೋ ಬಿ12 ಕೊರತೆಯಿಂದಲೋ ಬಂದಿರಬಹುದು. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರಲ್ಲಿ ಈ ಕೊರತೆ ಹೆಚ್ಚು. ಎರಡೂ ಕಾಲು ಸಮನಾಗಿ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಇವನ್ನು ನೋಡಿಸಬೇಕು. ಇನ್ನೊಂದು ಕಾರಣ ತುಂಬಾ ಜನರ ಗಮನಕ್ಕೇ ಬರುವುದಿಲ್ಲ: ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೇ ಕೆಲವರಿಗೆ ಪಾದ ಊದುತ್ತದೆ. ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ.

ಈಗ ಉಪಚಾರದ ವಿಷಯ. ಅಭಿಧಮನಿಯ ಊತಕ್ಕೆ ಕಾಲು ಎತ್ತರಿಸಿಡುವುದು ಒಳ್ಳೆಯದು. ಅಪಧಮನಿ ಕಟ್ಟಿದ ಕಾಲನ್ನು ಎತ್ತರಿಸಿದರೆ ಬರುವ ಅಷ್ಟಿಷ್ಟು ರಕ್ತವೂ ಕಡಿಮೆಯಾಗುತ್ತದೆ. ಬಿಗಿ ಸಾಕ್ಸ್ ಅಭಿಧಮನಿಯ ತೊಂದರೆಯವರಿಗೆ ಔಷಧಿಯಷ್ಟೇ ಮುಖ್ಯ, ಅಪಧಮನಿಯ ತೊಂದರೆಯವರಿಗೆ ಚರ್ಮ ಕೊಳೆಯುವ ಅಪಾಯ. ಶಾಖವಂತೂ ಸ್ಪರ್ಶ ಮಂದವಾದ ಪಾದಕ್ಕೆ ಸುಟ್ಟಗಾಯವನ್ನೇ ಕೊಡುತ್ತದೆ; ಬಿಸಿನೀರಿನ ಬ್ಯಾಗು, ಮಲೆನಾಡಿನ ಮನೆಯ ಒಲೆಯ ಮುಂದೆ ಕಾಲು ಚಾಚಿ ಕೂರುವುದು, ಎರಡೂ ಅವರಿಗೆ ಬೇಡ. ಬೆರಳು ತಣ್ಣಗಿದ್ದರೆ ಸಡಿಲವಾದ ಹತ್ತಿಯ ಅಥವಾ ಉಣ್ಣೆಯ ಕಾಲುಚೀಲ ಹಾಕಿಕೊಂಡರೆ ಸಾಕು.

ಎರಡನೆಯದು: ಕಾಲನ್ನು ನೋಡಿ, ನಾಡಿ ಮುಟ್ಟಿ

ಸ್ನಾನ ಮುಗಿಸಿ ಒರೆಸಿಕೊಳ್ಳುವಾಗಲೇ ಪಾದ ನೋಡುವ ರೂಢಿ ಮಾಡಿಕೊಳ್ಳಿ. ಬೆರಳ ಸಂದಿ, ಹಿಮ್ಮಡಿ, ಉಗುರಿನ ಅಂಚು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿಯಿಟ್ಟು ಅಂಗಾಲು ನೋಡಬಹುದು, ಇಲ್ಲವೇ ಮೊಮ್ಮಕ್ಕಳಿಗೆ ಆ ಕೆಲಸ ಒಪ್ಪಿಸಬಹುದು.

ಪಾದದಲ್ಲಿ ನಾಡಿ ಸಿಗುವ ಜಾಗ ಎರಡು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಿಂದ ಮೇಲಕ್ಕೆ ಹೋಗುತ್ತಾ ಪಾದದ ಮೇಲ್ಭಾಗದ ನಡುವೆ ಒಂದು. ಒಳಬದಿಯ ಹರಡಿನ ಮೂಳೆಯ ಹಿಂದಿನ ತಗ್ಗಿನಲ್ಲಿ ಇನ್ನೊಂದು. ತೋರುಬೆರಳು, ನಡುಬೆರಳಿನ ತುದಿಯನ್ನು ಹಗುರವಾಗಿ ಇಡಿ. ಹೆಬ್ಬೆರಳು ಬಳಸಿದರೆ ನಿಮ್ಮ ನಾಡಿಯೇ ಸಿಕ್ಕಿ ಗೊಂದಲವಾಗುತ್ತದೆ. ಜೋರಾಗಿ ಒತ್ತಿದರೆ ನಾಡಿ ಮಾಯವಾಗುತ್ತದೆ. ಆರೋಗ್ಯವಾಗಿರುವ ಕೆಲವರಿಗೂ ಮೇಲ್ಭಾಗದ ನಾಡಿ ಸಿಗುವುದಿಲ್ಲ, ಆದ್ದರಿಂದ ಅದೊಂದೇ ಸಿಗದಿದ್ದರೆ ಗಾಬರಿ ಬೇಡ. ಎರಡೂ ಸಿಗದಿದ್ದರೆ, ಅಥವಾ ಒಂದು ಕಾಲಲ್ಲಿ ಸಿಕ್ಕಿ ಇನ್ನೊಂದರಲ್ಲಿ ಸಿಗದಿದ್ದರೆ ವೈದ್ಯರ ಬಳಿ ಹೋಗಲು ಅಷ್ಟು ಕಾರಣ ಸಾಕು.

ಮೂರನೆಯದು: ಅಳತೆ

ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಎಷ್ಟಿದೆ ಎಂದು ತಿಳಿಯದೆ ರಕ್ತಸಂಚಾರದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ. ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಸಕ್ಕರೆ ಪರೀಕ್ಷೆ ಉಚಿತ. ಮನೆಯಲ್ಲೇ ಬಿಪಿ ನೋಡುವವರು ಅರ್ಧ ಗಂಟೆ ಮೊದಲಿನಿಂದ ಕಾಫಿ ಕುಡಿಯದೆ, 5 ನಿಮಿಷ ಬೆನ್ನಿಗೆ ಆಸರೆಕೊಟ್ಟು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ಅಳೆಯಬೇಕು. ಮಾತಾಡುತ್ತಾ ಅಳೆದರೆ ಅಂಕಿ ಏರುತ್ತದೆ. ಮನೆಯ ಅಳತೆ ಪದೇ ಪದೇ 135/85 ಮುಟ್ಟುತ್ತಿದ್ದರೆ ಅದನ್ನು ಬರೆದಿಟ್ಟುಕೊಂಡು ತೋರಿಸಿ.

ಅಪಧಮನಿಯ ಅನುಮಾನವಿದ್ದರೆ ತೋಳಿನ ಬಿಪಿಯ ಜೊತೆ ಹರಡಿನ ಬಿಪಿಯನ್ನೂ ನೋಡುವ ಎಬಿಐ ಎಂಬ ಪರೀಕ್ಷೆ ಇದೆ. ಸೂಜಿಯಿಲ್ಲ, ನೋವಿಲ್ಲ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ ಎಂದು ಲೆಕ್ಕ. 1.4 ದಾಟಿದರೆ ರಕ್ತನಾಳ ಗಡುಸಾಗಿ ಈ ಪರೀಕ್ಷೆ ನಂಬಲಾಗದು, ಬೇರೆ ಪರೀಕ್ಷೆ ಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುವುದುಂಟು. ಬೆಂಗಳೂರಿನ ಜಯದೇವದಂಥ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತನಾಳದ ತಜ್ಞರಿದ್ದಾರೆ. ಜಿಲ್ಲೆಯಲ್ಲಿ ಅಂಥವರು ಸಿಗದಿದ್ದರೆ ಮೊದಲು ಫಿಸಿಷಿಯನ್‌ಗೆ ತೋರಿಸಿ, ಎಬಿಐ ಆಗಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.

ನಾಲ್ಕನೆಯದು: ಹೊಗೆಸೊಪ್ಪು ಬಿಡುವುದು

ಇದನ್ನು ಮೊದಲೇ ಬರೆಯಬೇಕಿತ್ತು ಅನ್ನಿಸುವಷ್ಟು ದೊಡ್ಡ ವಿಷಯ. ಬೀಡಿ, ಸಿಗರೇಟು ಸೇದುವವರ ಕಾಲಿನ ಅಪಧಮನಿ ಬೇಗ ಕಿರಿದಾಗುತ್ತದೆ, ಅದರಲ್ಲಿ ವಾದವಿಲ್ಲ. ಬರ್ಜರ್ಸ್ ಕಾಯಿಲೆ ಎಂಬುದೊಂದಿದೆ. ಹೊಗೆಸೊಪ್ಪಿನ ಚಟವಿರುವವರಿಗೇ ಹೆಚ್ಚಾಗಿ ಬರುವ ಇದು ನಡುವಯಸ್ಸಿನೊಳಗೇ ಬೆರಳುಗಳನ್ನು ಕರಿಕಾಗಿಸುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವ, ಕೂಲಿ ಮಾಡಿ ಬದುಕುವ ಗಂಡಸರಲ್ಲೇ ಇದು ಹೆಚ್ಚು ಕಾಣುವುದು, ಕಾಲು ಕಳೆದುಕೊಂಡರೆ ಅವರ ಅನ್ನವೂ ಹೋಗುತ್ತದೆ. ತಂಬಾಕು ಪೂರ್ತಿ ಬಿಡದೆ ಅದಕ್ಕೆ ಯಾವ ಔಷಧಿಯೂ ನಾಟುವುದಿಲ್ಲ. "ದಿನಕ್ಕೆರಡೇ" ಎಂದರೂ ಕಾಯಿಲೆ ನಿಲ್ಲುವುದಿಲ್ಲ.

ಎಲೆಯಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹಿರಿಯರು ತಾವು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂದುಕೊಂಡಿರುತ್ತಾರೆ. ಜಗಿದರೂ ನಿಕೋಟಿನ್ ರಕ್ತಕ್ಕೇ ಸೇರುತ್ತದೆ, ರಕ್ತನಾಳ ಬಿಗಿಯುತ್ತದೆ. ಬಿಡಲು ಕಷ್ಟವಾದವರಿಗೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ ಉಚಿತವಾಗಿದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅಜ್ಜನಿಗೆ ನಂಬರು ಒತ್ತಿಕೊಟ್ಟು ಪಕ್ಕದಲ್ಲಿ ಕೂರಿ. ಬೈದು ಬಿಡಿಸುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಐದನೆಯದು: ನಡಿಗೆ

ನೋವಿಲ್ಲದವರಿಗೆ ಲೆಕ್ಕ ಸುಲಭ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೂ ವಾರಕ್ಕೆ 150 ನಿಮಿಷದಷ್ಟಾದರೂ ಸಾಧಾರಣ ಶ್ರಮದ ಚಟುವಟಿಕೆ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. 65 ದಾಟಿದವರಿಗೆ ಇದರ ಜೊತೆ ವಾರಕ್ಕೆ 2 ದಿನ ಸ್ನಾಯು ಬಲಪಡಿಸುವ, 3 ದಿನ ಬೀಳದಂತೆ ಮೈಯ ಸಮತೋಲನ ಕಾಯುವ ವ್ಯಾಯಾಮವೂ ಬೇಕು.

ನಡೆದರೆ ಮೀನಖಂಡ ಹಿಡಿಯುವವರ ಕಥೆ ಬೇರೆ. ನೋಯುತ್ತದೆ ಎಂದು ಅವರು ನಡೆಯುವುದನ್ನೇ ಬಿಡುತ್ತಾರೆ, ಮನೆಯವರೂ "ಕೂತ್ಕೊಳ್ಳಿ, ನಾವು ತರ್ತೀವಿ" ಎಂದು ಪ್ರೀತಿಯಿಂದಲೇ ಕೂರಿಸುತ್ತಾರೆ. ಹೀಗೆ ಕೂತಷ್ಟೂ ನಡೆಯಬಲ್ಲ ದೂರ ಕುಗ್ಗುತ್ತದೆ. ಈ ಕಾಯಿಲೆಗೆ ಕ್ರಮಬದ್ಧ ನಡಿಗೆಯೇ ಮೊದಲ ಸಾಲಿನ ಚಿಕಿತ್ಸೆ. ಆದರೆ ಪಾದದಲ್ಲಿ ಗಾಯವಿದ್ದರೆ, ಕೂತಾಗಲೂ ನೋವಿದ್ದರೆ ಇದನ್ನು ಶುರುಮಾಡುವಂತಿಲ್ಲ. ಕಾಲಿನ ಅಪಧಮನಿ ಕಿರಿದಾದವರಿಗೆ ಹೃದಯದ ಅಪಧಮನಿಯೂ ಹಾಗೇ ಇರುವ ಸಂಭವ ಹೆಚ್ಚು, ಆದ್ದರಿಂದ ಮೊದಲು ಹೃದಯ ತೋರಿಸಿಕೊಂಡು ಒಪ್ಪಿಗೆ ಪಡೆಯಿರಿ.

ಸಮತಟ್ಟಾದ ಜಾಗ ಆರಿಸಿ. ಕೆರೆ ಏರಿ, ಶಾಲೆ ಮೈದಾನ, ದೇವಸ್ಥಾನದ ಅಂಗಳ, ಏನೂ ಇಲ್ಲದಿದ್ದರೆ ಮನೆಯ ತಾರಸಿ. ಅಲ್ಲಲ್ಲಿ ಕೂರಲು ಕಟ್ಟೆ ಇದ್ದರೆ ಧೈರ್ಯ ಬರುತ್ತದೆ. ನಡೆಯಲು ಶುರುಮಾಡಿ, ನೋವು ಬಂದ ಕೂಡಲೇ ನಿಲ್ಲಬೇಡಿ, ಸಾಕಷ್ಟು ಜೋರಾಗುವವರೆಗೆ ಹೋಗಿ. ಆಗ ನಿಂತು ಅಥವಾ ಕೂತು, ನೋವು ಪೂರ್ತಿ ಹೋಗುವವರೆಗೆ ಕಾಯಿರಿ. ಮತ್ತೆ ನಡೆಯಿರಿ. ವಿಶ್ರಾಂತಿಯೂ ಸೇರಿ ಮೊದಲು ಅರ್ಧ ಗಂಟೆ, ವಾರಗಳು ಕಳೆದಂತೆ ಮುಕ್ಕಾಲು ಗಂಟೆ. ವಾರಕ್ಕೆ 3 ದಿನಕ್ಕೆ ಕಡಿಮೆಯಿಲ್ಲದೆ, 12 ವಾರ ಬಿಡದೆ ಮಾಡಬೇಕು. ಎಷ್ಟು ಕಂಬಕ್ಕೆ ನೋವು ಬಂತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡಿದ್ದದ್ದು ನಾಲ್ಕಾಯಿತು, ಆರಾಯಿತು ಎಂದು ಕಣ್ಣಾರೆ ಕಂಡರೆ ಮುಂದುವರಿಸಲು ಹುಮ್ಮಸ್ಸು ಬರುತ್ತದೆ. ಕಟ್ಟಿದ ನಾಳ ಇದರಿಂದ ತೆರೆದುಕೊಳ್ಳುವುದಿಲ್ಲ. ಬಂದಷ್ಟು ರಕ್ತದಲ್ಲೇ ಹೆಚ್ಚು ಕೆಲಸ ಮಾಡಲು ಸ್ನಾಯು ಕಲಿಯುತ್ತದೆ, ಅಕ್ಕಪಕ್ಕದ ಸಣ್ಣ ನಾಳಗಳೂ ನೆರವಿಗೆ ಬರುತ್ತವೆ. ನಡೆಯುವಾಗ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ.

ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬೇಡಿ, ಮನೆಯೊಳಗೂ ಬೇಡ. ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಇವರಿಗೆಂದೇ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡದ್ದು ಸ್ಪರ್ಶ ಕಳೆದವರಿಗೆ ಮನೆಗೆ ಬರುವವರೆಗೂ ತಿಳಿಯುವುದಿಲ್ಲ. ದರ್ಶನ ಬೆಳಗಿನ ತಂಪಿನಲ್ಲಿರಲಿ, ಕಾಲಿಗೆ ದಪ್ಪ ಕಾಲುಚೀಲವಿರಲಿ.

ಆರನೆಯದು: ಮೀನಖಂಡಕ್ಕೆ ಕೆಲಸ ಕೊಡಿ

ಅಡುಗೆಮನೆ ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ, ಎರಡು ಎಣಿಸಿ, ನಿಧಾನವಾಗಿ ಇಳಿಸಿ. ಹತ್ತು ಸಲ, ಸ್ವಲ್ಪ ಬಿಡುವು, ಮತ್ತೆ ಹತ್ತು. ಹಾಲು ಉಕ್ಕುವವರೆಗೆ ಕಾಯುವ ಹೊತ್ತಿನಲ್ಲಿ ಇದು ಮುಗಿಯುತ್ತದೆ. ಇದು ಸಲೀಸಾದ ಮೇಲೆ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಸೇರಿಸಿ. ನಿಲ್ಲಲಾಗದವರು ಕೂತಲ್ಲೇ ಪಾದವನ್ನು ಮುಂದಕ್ಕೆ ಚಾಚಿ, ಹಿಂದಕ್ಕೆ ಎಳೆದರೂ ಲಾಭವಿದೆ. ಟಿವಿ ಮುಂದೆ ಒಂದು ಧಾರಾವಾಹಿ ಪೂರ್ತಿ ಕಾಲು ಇಳಿಬಿಟ್ಟು ಕೂರುವುದಕ್ಕಿಂತ ಜಾಹೀರಾತು ಬಂದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಹಾಕುವುದು ಒಳ್ಳೆಯದು.

ಅಭಿಧಮನಿಯ ಊತವೇ ಎಂದು ಖಚಿತವಾದವರು ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಮಲಗಿ, ದಿನಕ್ಕೆ ಮೂರ್ನಾಲ್ಕು ಸಲ 15 ನಿಮಿಷ ಇರಬೇಕು. ಸ್ಟೂಲಿನ ಮೇಲೆ ಕಾಲಿಟ್ಟು ಕೂತರೆ ಆ ಎತ್ತರ ಸಾಲದು. ಬಿಗಿ ಸಾಕ್ಸನ್ನು ವೈದ್ಯರು ನಾಡಿ ನೋಡಿ ಹೇಳಿದ ಮೇಲೆಯೇ, ಕಾಲಿನ ಅಳತೆ ಕೊಟ್ಟು ಕೊಳ್ಳಿ. ಬೆಳಿಗ್ಗೆ ಊತ ಬರುವ ಮೊದಲೇ ಹಾಕಿ ರಾತ್ರಿ ತೆಗೆಯಬೇಕು. ಮೇಲ್ತುದಿಯನ್ನು ಮಡಿಸಿದರೆ ದಾರ ಕಟ್ಟಿದಂತೆ ಬಿಗಿದು ಕೆಡುಕಾಗುತ್ತದೆ.

ಉಬ್ಬಿದ ಅಭಿಧಮನಿ ಒಡೆದು ರಕ್ತ ಚಿಮ್ಮಿದರೆ ಗಾಬರಿಯಲ್ಲಿ ಎದ್ದು ಓಡಾಡುವವರಿದ್ದಾರೆ. ನಿಂತಷ್ಟೂ ರಕ್ತ ಹೋಗುತ್ತದೆ. ತಕ್ಷಣ ಮಲಗಿ, ಕಾಲು ಎತ್ತಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಗಟ್ಟಿಯಾಗಿ ಒತ್ತಿಹಿಡಿಯಬೇಕು, ನಂತರ ಆಸ್ಪತ್ರೆ. ಮನೆಯಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿಯರಿಗೆ ಇದನ್ನು ಮುಂಚೆಯೇ ಹೇಳಿಕೊಟ್ಟಿರಿ.

ಊಟ, ಮಾತ್ರೆ

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚ, ಮೂರೂ ಹೊತ್ತಿನದು ಸೇರಿ. ಸಾರಿನ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟರೆ ಏನೂ ಉಳಿಯುವುದಿಲ್ಲ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು ಹಾಕಿ. ಮುದ್ದೆ, ಸೊಪ್ಪಿನ ಸಾರು, ಜೋಳದ ರೊಟ್ಟಿ, ಕಾಳುಪಲ್ಯ, ಕೋಸಂಬರಿ, ಇವೆಲ್ಲ ನಮ್ಮಲ್ಲೇ ಇರುವ ಒಳ್ಳೆಯ ಊಟ. ಕಡಿಮೆ ಮಾಡಬೇಕಾದ್ದು ಡಾಲ್ಡಾ ಹಾಕಿದ ಬೇಕರಿ ತಿಂಡಿ ಮತ್ತು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದದ್ದು.

ಬೆಳ್ಳುಳ್ಳಿ, ಬೀಟ್ರೂಟ್ ತಿಂದರೆ ಬ್ಲಾಕ್ ಕರಗುತ್ತದೆ ಎಂಬ ಸಂದೇಶಗಳು ಮೊಬೈಲಿನಲ್ಲಿ ಸುತ್ತುತ್ತಿರುತ್ತವೆ. ಬೀಟ್ರೂಟಿನಿಂದ ಬಿಪಿ ಕೊಂಚ ಇಳಿಯಬಹುದು. ಕಟ್ಟಿದ ನಾಳವನ್ನು ಯಾವ ತರಕಾರಿಯೂ ತೆರೆಯುವುದಿಲ್ಲ. ರಕ್ತ ತೆಳುಮಾಡುವ ಅಸಿಟ್ರಾಂ, ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಒಂದು ವಾರ ತುಂಬಾ, ಇನ್ನೊಂದು ವಾರ ಏನೂ ಇಲ್ಲ ಎಂದಾಗದೆ ಪ್ರಮಾಣ ಒಂದೇ ತೆರನಾಗಿದ್ದರೆ ಸಾಕು. ಆದರೆ ಬೆಳ್ಳುಳ್ಳಿ ಮಾತ್ರೆ, ಗಿಡಮೂಲಿಕೆಯ ಕಷಾಯಗಳನ್ನು ಕೇಳದೆ ಸೇರಿಸಬಾರದು. ಹಾಗೆಯೇ, ಪಕ್ಕದ ಮನೆಯವರಿಗೆ ಬರೆದುಕೊಟ್ಟ ಆಸ್ಪಿರಿನ್ ನಿಮಗಲ್ಲ. ಹೃದಯದ್ದಾಗಲಿ ರಕ್ತನಾಳದ್ದಾಗಲಿ ಕಾಯಿಲೆ ಇಲ್ಲದವರು ಅರವತ್ತರ ನಂತರ ಮುನ್ನೆಚ್ಚರಿಕೆಗೆಂದು ಅದನ್ನು ಶುರುಮಾಡಿದರೆ ಹೊಟ್ಟೆಯಲ್ಲೋ ಮೆದುಳಲ್ಲೋ ರಕ್ತಸ್ರಾವದ ಅಪಾಯವೇ ಹೆಚ್ಚು.

ಏಳುವಾಗ, ದೂರ ಹೋಗುವಾಗ

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕೆಳಗಿಳಿಯುತ್ತದೆ. ಹರೆಯದಲ್ಲಿ ದೇಹ ಅದನ್ನು ಕ್ಷಣದಲ್ಲಿ ಸರಿಪಡಿಸಿಕೊಳ್ಳುತ್ತದೆ, ವಯಸ್ಸಾದವರಲ್ಲಿ ತಡ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಹಂಡೆಯ ಬಿಸಿನೀರ ಸ್ನಾನ ಇದಕ್ಕೆ ಸೇರಿದರೆ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಹತ್ತು ಸಲ ಆಡಿಸಿ, ಆಮೇಲೆ ನಿಲ್ಲಿ. ಗಂಡಸರು ರಾತ್ರಿ ಕೂತೇ ಮೂತ್ರ ಮಾಡುವುದು ಒಳ್ಳೆಯದು.

ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ವಿಮಾನ: 4 ಗಂಟೆ ಮೀರಿ ಒಂದೇ ಕಡೆ ಕೂತರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಕಿಟಕಿಯದಲ್ಲ, ಒಳಗೆ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಅರ್ಧ ಗಂಟೆಗೊಮ್ಮೆ ಪಾದ ಆಡಿಸಿ, ಆದಾಗಲೆಲ್ಲ ಎದ್ದು ನಡೆಯಿರಿ. ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಬಿಡಬೇಡಿ, ನಿದ್ದೆ ಮಾತ್ರೆ ನುಂಗಬೇಡಿ. ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೊದಲೊಮ್ಮೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದವರು ಟಿಕೆಟ್ ಕಾಯ್ದಿರಿಸುವ ಮೊದಲೇ ವೈದ್ಯರನ್ನು ಕೇಳಬೇಕು.

ಕಾಯಬಾರದ ಹೊತ್ತು

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ಅಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ತಿಕ್ಕದೆ ಅವತ್ತೇ ತೋರಿಸಿ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ 108ಕ್ಕೆ ಕರೆ ಮಾಡಿ.

ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಅವಕಾಶ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಮಾತ್ರ, ಆದ್ದರಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯನ್ನು ಅದಕ್ಕಿಂತ ಸಾಕಷ್ಟು ಮೊದಲೇ ಮುಟ್ಟಬೇಕು. ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ.

ಇನ್ನು ಒಂದು ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿ, ತಡೆಯಲಾರದಷ್ಟು ನೋಯುತ್ತಾ ಮರಗಟ್ಟಿದರೆ ಅಪಧಮನಿ ಪೂರ್ತಿ ಮುಚ್ಚಿದೆ ಎಂದರ್ಥ. ಆರು ಗಂಟೆ ಮೀರಿದರೆ ಕಾಲು ಉಳಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಶಾಖ ಕೊಡಬೇಡಿ, ಎತ್ತರಿಸಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಸಡಿಲವಾಗಿ ಬಟ್ಟೆ ಹೊದಿಸಿ, ಹೊರಡುವ ಮೊದಲು ಫೋನ್ ಮಾಡಿ ರಕ್ತನಾಳದ ಶಸ್ತ್ರಚಿಕಿತ್ಸಕರಿದ್ದಾರೆಯೇ ಎಂದು ಕೇಳಿಕೊಂಡು, ಅವರಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ.